ಫೋನಿನಲ್ಲಿ ನಾಡಿ ಹಿಡಿದದ್ದು

ನರ್ಸ್ ಫೋನ್ ಎತ್ತಿದಳೆಂದರೆ ಆ ಕಡೆಯವರಿಗೆ ಬುದ್ಧಿ ಕೈಕೊಡುತ್ತದೆ. ಎಪ್ಪತ್ತರ ದಶಕದಲ್ಲಿ ಮೊದಲು ಕೊಚ್ಚಿ, ಆಮೇಲೆ ತಿರುವನಂತಪುರದ ಆಸ್ಪತ್ರೆಗಳಲ್ಲಿದ್ದಾಗ ವಾರಕ್ಕೊಮ್ಮೆಯಾದರೂ ನನಗಿದು ಖಾತ್ರಿಯಾಗುತ್ತಿತ್ತು. ಎರಡೂ ಕಡೆ ಕನ್ನಡ ಬಲ್ಲ ಸಿಸ್ಟರ್ ನಾನೊಬ್ಬಳೇ. ವರ್ಗವಾಗಿ ಬಂದ ನಮ್ಮವರಲ್ಲಿ ಯಾರು ಸೀನಿದರೂ ಫೋನ್ ನನಗೇ.

೧. ತೊಳೆದ ಜ್ವರ

ಕೊಚ್ಚಿಯ ಪಾಲಾರಿವಟ್ಟಂನಲ್ಲಿದ್ದ ಧಾರವಾಡದ ಬ್ಯಾಂಕಿನವರೊಬ್ಬರು ಪಕ್ಕದ ಮನೆಯಿಂದ ಫೋನ್ ಮಾಡಿದರು. ಮಗನಿಗೆ ಜ್ವರ, ಎಷ್ಟೆಂದು ನೋಡಿಲ್ಲ. ಥರ್ಮಾಮೀಟರ್ ಇಟ್ಟು ನೋಡಿ ಹೇಳಿ ಎಂದೆ. ಹತ್ತು ನಿಮಿಷಕ್ಕೆ ಮತ್ತೆ ಫೋನ್.

"ಸಿಸ್ಟರ್, ನೂರಾ ಎಂಟು ಅದರಿ!"

"ಹುಡುಗನಿಗೆ ಪ್ರಜ್ಞೆ ಇದೆಯಾ?"

"ಉಪ್ಪಿಟ್ಟು ತಿನ್ನಲಿಕ್ಹತ್ಯಾನ್ರಿ."

"ಥರ್ಮಾಮೀಟರ್ ಬಾಯಿಂದ ತೆಗೆದು ಏನು ಮಾಡಿದಿರಿ?"

"ಎಂಜಲಾಗಿತ್ತಲ್ರಿ, ಮಂದಿ ಮನಿಗೆ ಹಂಗ ಹೆಂಗ ತರೂದು? ಬಿಸಿನೀರಾಗ ತೊಳದು ತಂದು ನೋಡೀನ್ರಿ."

"ಅದು ಹಂಡೆಯ ಜ್ವರ," ಎಂದೆ. "ಹುಡುಗನದ್ದು ನೋಡಿ ಬನ್ನಿ."

೨. ಇಳಿಮುಖ

ತಿರುವನಂತಪುರದ ಶ್ರೀಕಾರ್ಯಂನಲ್ಲಿದ್ದ ವಿಜ್ಞಾನಿಯೊಬ್ಬರ ಮಗಳಿಗೆ ಭೇದಿ. ಉಪ್ಪು ಹಾಕಿದ ಗಂಜಿ ತಿಳಿ ಕುಡಿಸುತ್ತಾ ಇರಿ, ಎಷ್ಟು ಸಲ ಆಗುತ್ತದೆ ಬರೆದಿಡಿ ಎಂದು ಬೆಳಿಗ್ಗೆ ಹೇಳಿದ್ದೆ. ಮಧ್ಯಾಹ್ನ ಅವರು ಪಟ್ಟಿಯನ್ನೇ ಓದಿದರು. ಹತ್ತರಿಂದ ಹನ್ನೆರಡರವರೆಗೆ ನಾಲ್ಕು, ಆಮೇಲೆ ಇಳಿಮುಖ. ಬಣ್ಣಕ್ಕೆ ಬೇರೆ ಕಾಲಂ.

"ಗಂಜಿ ತಿಳಿ ಎಷ್ಟು ಕುಡಿದಳು?"

"ಇನ್ನೂ ಕೊಟ್ಟಿಲ್ಲ ಸಿಸ್ಟರ್. ನಡುವೆ ಕೊಟ್ಟರೆ ಲೆಕ್ಕ ಬದಲಾಗಿಬಿಡುತ್ತೆ."

"ಫೋನ್ ನಿಮ್ಮ ಹೆಂಡತಿಗೆ ಕೊಡಿ," ಎಂದೆ.

೩. ಮುಂದೆ ಬಂದ ಬ್ಯಾಗು

ಇದೂ ತಿರುವನಂತಪುರದ್ದೇ, ತಂಪಾನೂರಿನ ಹತ್ತಿರದ ಮನೆಯದು. ಮೈಸೂರಿನಿಂದ ಸೊಸೆಯ ಬಾಣಂತನಕ್ಕೆ ಬಂದಿದ್ದ ಅಜ್ಜಿ ಶುಕ್ರವಾರ ಹತ್ತೂಕಾಲಿಗೆ ಫೋನ್ ಮಾಡಿದರು. ಮಗ ಆಫೀಸಿನಲ್ಲಿ, ಟ್ಯಾಕ್ಸಿ ಬಾಗಿಲಲ್ಲಿ, ಸೊಸೆಗೆ ಐದೈದು ನಿಮಿಷಕ್ಕೆ ನೋವು.

"ಹೊರಡಿ ಮತ್ತೆ!"

"ಅವಳು ಸೀರೆ ಉಡೋಷ್ಟರಲ್ಲಿ ಹತ್ತೂವರೆ, ರಾಹುಕಾಲ ಬಂದುಬಿಡತ್ತಮ್ಮ. ಹನ್ನೆರಡಾದ ಮೇಲೆ ಬರ್ತೀವಿ."

ಮೊದಲ ಹೆರಿಗೆಯಲ್ಲೇ ಆಕೆಗೆ ರಕ್ತ ವಿಪರೀತ ಹೋಗಿತ್ತು. ಈ ಸಲ ಮನೆಯಲ್ಲೇ ಆದರೆ ಜೀವಕ್ಕೇ ಅಪಾಯ. ಕೂಗಾಡಿದರೆ ಅಜ್ಜಿ ಫೋನ್ ಇಟ್ಟುಬಿಟ್ಟಾರು. ಆಗ ಪ್ರಸ್ಥಾನದ ಪದ್ಧತಿ ನೆನಪಾಯಿತು. ಒಳ್ಳೆಯ ಗಳಿಗೆಯಲ್ಲಿ ಗಂಟುಮೂಟೆಯನ್ನು ಮನೆಯಿಂದಾಚೆ ಇಟ್ಟರೆ ಪ್ರಯಾಣ ಶುರುವಾದಂತೆ. ಮನುಷ್ಯರು ಆಮೇಲೆ ಯಾವಾಗ ಹೊರಟರೂ ದೋಷವಿಲ್ಲ.

"ಅಜ್ಜಿ, ಹತ್ತೂವರೆಯೊಳಗೆ ಸೊಸೆಯ ಬ್ಯಾಗನ್ನು ಟ್ಯಾಕ್ಸಿಗೆ ಹಾಕಿ. ಪ್ರಸ್ಥಾನ ಆಯಿತು!"

"ಅಯ್ಯೋ, ಎಷ್ಟು ಜಾಣೆ ನೀನು!" ಎಂದು ಫೋನ್ ಇಟ್ಟರು.

ನಾನು ಸ್ಟ್ರೆಚರ್ ತರಿಸಿ ಗೇಟಿನಲ್ಲಿ ನಿಂತೆ. ಟ್ಯಾಕ್ಸಿ ಬಂತು. ಹಿಂದಿನ ಸೀಟಿನಲ್ಲಿ, ಹಣೆಗೆ ಕುಂಕುಮ ಇಟ್ಟುಕೊಂಡು, ಬ್ಯಾಗೊಂದೇ ಕೂತಿತ್ತು.

"ಇದನ್ನು ಸಿಸ್ಟರಿಗೆ ಕೊಟ್ಟು ಹನ್ನೆರಡಕ್ಕೆ ವಾಪಸ್ ಬಾ ಅಂದರು," ಎಂದ ಡ್ರೈವರ್, ಮಲಯಾಳದಲ್ಲಿ.

ಅದೇ ಟ್ಯಾಕ್ಸಿಗೆ ಹಾರಿ ಹತ್ತಿದೆ. ಅಜ್ಜಿ ಬಾಯಿ ತೆರೆಯುವ ಮೊದಲೇ ಸೊಸೆಯನ್ನು ಎಬ್ಬಿಸಿ, ಇಬ್ಬರನ್ನೂ ಟ್ಯಾಕ್ಸಿಗೆ ಹತ್ತಿಸಿ ಕರೆತಂದೆ. ಹೆರಿಗೆ ಕೋಣೆಗೆ ಬಂದ ಕಾಲು ಗಂಟೆಗೆ, ತುಂಬಿದ ರಾಹುಕಾಲದಲ್ಲಿ, ಗಂಡುಮಗು. ತಾಯಿಗೆ ಮತ್ತೆ ರಕ್ತ ಹೋಯಿತು. ಡಾಕ್ಟರು ಪಕ್ಕದಲ್ಲೇ ಇದ್ದುದರಿಂದ ಬದುಕಿಕೊಂಡಳು.

ಬೆವರು ಒರೆಸಿಕೊಳ್ಳುತ್ತಾ ಹೊರಗೆ ಬಂದು, ಬ್ಯಾಗನ್ನು ಪಕ್ಕದಲ್ಲಿಟ್ಟುಕೊಂಡು ಕೂತಿದ್ದ ಅಜ್ಜಿಗೆ ವಿಷಯ ಹೇಳಿದೆ. ಅವರು ಕಣ್ಣೀರಿಟ್ಟು ಕೈ ಮುಗಿದರು.

ನನಗಲ್ಲ, ಬ್ಯಾಗಿಗೆ.