ಗೇಟಿಗೆ ಬಣ್ಣ, ಒಳಗೆ ನಾವು

"ಗೇಟು ನನಗೆ ಬಿಡಿ!" ಎಂದು ನಾನು ಘೋಷಿಸಿದ್ದು ಒಂದು ಗುರುವಾರ, ಊಟಕ್ಕೆ ಕೂತಾಗ.

ಮಗಳು ಶಾಲೆಯಿಂದ ಚೀಟಿ ತಂದಿದ್ದಳು. ಶನಿವಾರ ಬೆಳಿಗ್ಗೆ ಪಾಲಕರೆಲ್ಲ ಬಂದು ಶಾಲೆಯ ಮೈದಾನ ಸರಿಮಾಡಲು ಕೈಜೋಡಿಸಬೇಕಂತೆ. ಯಾರು ಯಾವ ಕೆಲಸ ಮಾಡುತ್ತೀರೋ ಅದರ ಮುಂದೆ ಹೆಸರು ಬರೆಯಿರಿ ಎಂದಿತ್ತು. ಕಳೆ ಕೀಳುವುದು, ಕಲ್ಲು ಆರಿಸುವುದು, ಉಯ್ಯಾಲೆಯ ಕಂಬ ನೆಡುವುದು, ಗೇಟಿಗೆ ಬಣ್ಣ ಬಳಿಯುವುದು. ನಾನು ಪೆನ್ನು ತೆಗೆದು ಗೇಟಿನ ಮುಂದೆ ಹೆಸರು ಬರೆದು, ಕೆಳಗೆ ಎರಡು ಗೆರೆ ಎಳೆದೆ. ಸಾಮ್ರಾಜ್ಯ ಕಟ್ಟಿದವರೂ ತಮ್ಮ ಗಡಿಯನ್ನು ಇಷ್ಟು ಗಟ್ಟಿಯಾಗಿ ಎಳೆದಿರಲಾರರು!

"ಹೋದ ವರ್ಷ ಗುಂಡಿ ತೋಡ್ತೀನಿ ಅಂತ ಬರೆದಿದ್ರಿ," ಎಂದಳು ಹೆಂಡತಿ.

"ತೋಡಿದ್ನಲ್ಲ!"

"ತೋಡಿದ್ರಿ. ಆಮೇಲೆ?"

ಈ 'ಆಮೇಲೆ' ಎಂಬ ಪದವನ್ನು ನನ್ನ ಹೆಂಡತಿ ಬಳಸುವ ರೀತಿ ನೋಡಿದರೆ, ಪೊಲೀಸರು ಲಾಠಿ ಇಟ್ಟುಕೊಳ್ಳುವುದು ಬರೀ ದಂಡ ಅನಿಸುತ್ತದೆ.

ಆಮೇಲೆ ಆದದ್ದನ್ನು ನಿಮ್ಮಲ್ಲಿ ಮುಚ್ಚಿಡುವುದೇನು? ಹೋದ ವರ್ಷ ಇದೇ ಕೆಲಸಕ್ಕೆ ಹನ್ನೊಂದು ಜನ ಸೇರಿದ್ದೆವು. ಉಯ್ಯಾಲೆಯ ಕಂಬಗಳಿಗೆಂದು ಎರಡು ಗುಂಡಿ ತೋಡಿದೆವು. ಮುಖ್ಯೋಪಾಧ್ಯಾಯಿನಿ ನಮ್ಮನ್ನು ಸಾಲಾಗಿ ನಿಲ್ಲಿಸಿ ಫೋಟೋ ತೆಗೆಸಿದರು. ಫೋಟೋ ಎಂದರೆ ಕೊನೆಯ ಗಂಟೆ ಎಂದೇ ನಾವೆಲ್ಲ ತಿಳಿದಿದ್ದೆವು. ಒಬ್ಬರಿಗೆ ಅಂಗಡಿ ನೆನಪಾಯಿತು, ಒಬ್ಬರಿಗೆ ನೆಂಟರು ನೆನಪಾದರು, ನನಗೆ ಆಫೀಸಿನ ತುರ್ತು ಫೈಲೊಂದು ನೆನಪಾಯಿತು. ಆ ಫೈಲನ್ನು ನಾನು ಮನೆಯ ಸೋಫಾ ಮೇಲೆ ಕಣ್ಣು ಮುಚ್ಚಿಕೊಂಡು ಮಧ್ಯಾಹ್ನದವರೆಗೂ ಪರಿಶೀಲಿಸಿದೆ.

ಒಂದೊಂದು ಕಂಬಕ್ಕೂ ಕಾಂಕ್ರೀಟು ಗಟ್ಟಿಯಾಗುವವರೆಗೆ ನಾಲ್ಕು ಜನ ಅಲುಗಾಡದಂತೆ ಹಿಡಿದು ನಿಲ್ಲಬೇಕಂತೆ. ಹಿಡಿಯಲು ಉಳಿದವರು ಒಬ್ಬರೇ, ಗಾರೆ ಕೆಲಸದ ಮೇಸ್ತ್ರಿ; ಅವರ ಮಗನೂ ಅದೇ ಶಾಲೆ. ಎರಡು ಕಂಬ, ಒಬ್ಬ ಮೇಸ್ತ್ರಿ! ಕಂಬ ಮಲಗಿತು, ಗುಂಡಿ ಉಳಿಯಿತು. ಮಕ್ಕಳು ಬಿದ್ದಾರೆಂದು ಸುತ್ತ ಕೆಂಪು ಹಗ್ಗ ಕಟ್ಟಿದರು. ಇದ್ದ ಅಂಗೈಯಗಲದ ಮೈದಾನದಲ್ಲಿ ಅರ್ಧ ಆ ಹಗ್ಗದೊಳಗೆ ಹೋಗಿ ಇಡೀ ವರ್ಷ ಅಲ್ಲೇ ಉಳಿಯಿತು.

ಮಗಳು ಈಗ ಐದನೇ ಕ್ಲಾಸು. ಆ ಶಾಲೆಯಲ್ಲಿ ಅದೇ ಕೊನೆ. ಇನ್ನು ಮೂರು ತಿಂಗಳಿಗೆ ಅವಳು ಅಲ್ಲಿಂದ ಹೊರಗೆ.

"ಅಪ್ಪಾ, ಶಾಲೆ ಬಿಡೋದ್ರೊಳಗೆ ಒಂದ್ಸಲನಾದ್ರೂ ಆ ಉಯ್ಯಾಲೆ ಆಡ್ತೀನಾ ನಾನು?"

"ಮರೀ, ಮೊದಲು ಗೇಟು. ಗೇಟು ಹೊಳೆದ್ರೆ ಇಡೀ ಶಾಲೆ ಹೊಳೆದ ಹಾಗೆ!"

ತಪ್ಪು ಉತ್ತರವನ್ನು ಜೋರಾಗಿ ಹೇಳುವ ಹುಡುಗನನ್ನು ಟೀಚರು ನೋಡುವಂತೆ ಅವಳು ನನ್ನನ್ನು ನೋಡಿದಳು.

ಶನಿವಾರ ಏಳಕ್ಕೇ ಹಸಿರು ಬಣ್ಣದ ಡಬ್ಬಿ, ಎರಡು ಬ್ರಷ್ಷು, ಮಗಳು, ಇಷ್ಟರೊಂದಿಗೆ ನಾನು ಶಾಲೆಯ ಮುಂದೆ ಹಾಜರು. ಗೇಟು ಕಬ್ಬಿಣದ ಸರಳುಗಳದು. ಎರಡು ಬಾಗಿಲು, ಒಳಕ್ಕೆ ತೆರೆಯುತ್ತವೆ. ನಾನು ಯೋಜನೆಯಿಲ್ಲದೆ ಬ್ರಷ್ಷು ಅದ್ದುವವನಲ್ಲ. ಬಾಗಿಲುಗಳನ್ನು ಒಳಕ್ಕೆ ತೆರೆದಿಟ್ಟು ಮೊದಲು ಹೊರಮೈ ಬಳಿದೆ. ಅಷ್ಟರಲ್ಲಿ ಪಾಲಕರೆಲ್ಲ ಒಬ್ಬೊಬ್ಬರಾಗಿ ಒಳಗೆ ಬಂದರು. ಈ ಸಲ ಹದಿನಾಲ್ಕು ಜನ. ಏಳು ತಂದೆಯರು, ಏಳು ತಾಯಂದಿರು. ಎಲ್ಲರೂ ಬಂದರೆಂದು ಖಚಿತವಾದ ಮೇಲೆ, ಇನ್ನೂ ಬಣ್ಣ ಕಾಣದ ಒಳಮೈಗೆ ಕೈಯಿಟ್ಟು ತಳ್ಳಿ ಗೇಟು ಮುಚ್ಚಿ, ಚಿಲಕ ಹಾಕಿ, ಒಳಮೈಗೂ ಬಳಿದೆ. ಚಿಲಕವನ್ನು ಬಿಡಲಾದೀತೆ? ಅದಕ್ಕೆ ಎರಡು ಸಲ ಬಳಿದೆ!

ಮುಗಿದಾಗ ಒಂಬತ್ತೂ ಮುಕ್ಕಾಲು. ಗೇಟು ಗಿಳಿಯಂತೆ ಮಿನುಗುತ್ತಿತ್ತು. ಮುಖ್ಯೋಪಾಧ್ಯಾಯಿನಿ ತಮ್ಮ ಕೋಣೆಯಿಂದ ಹೊರಗೆ ಬಂದು, "ಬನ್ನಿ, ಗೇಟಿನ ಮುಂದೆಯೇ ಒಂದು ಫೋಟೋ," ಎಂದರು. ನಾನು ನಡುವೆ ನಿಂತೆ. ಕ್ಲಿಕ್ ಎಂದಿತು.

ಆ ಸದ್ದಿಗೇ ಕಾದಿದ್ದವರಂತೆ ತಂದೆಯರೆಲ್ಲ ಪ್ಯಾಂಟು ಕೊಡವಿಕೊಂಡರು. ಔಷಧಿ ಅಂಗಡಿಯವರು ಹೆಗಲಿಗೆ ಬ್ಯಾಗು ಏರಿಸಿಯೇ ಫೋಟೋಗೆ ನಿಂತಿದ್ದರು.

"ಸಾರ್, ಸ್ವಲ್ಪ ಗೇಟು ತೆಗೀರಿ. ಅಂಗಡಿ ತೆಗೆಯೋ ಹೊತ್ತಾಯ್ತು."

"ಅದಕ್ಕೇನು, ತೆಗೆದೆ..." ಎಂದು ಕೈ ಚಾಚಿದವನು ಚಾಚಿದಂತೆಯೇ ನಿಂತೆ.

ಚಿಲಕ ಹಸಿ. ಮೇಲಿನ ಪಟ್ಟಿ ಹಸಿ, ಕೆಳಗಿನ ಪಟ್ಟಿ ಹಸಿ, ಸರಳು ಸರಳೂ ಹಸಿ. ಬೆರಳೂರಲು ಜಾಗ ಬಿಟ್ಟಿರಲಿಲ್ಲ ನಾನು! ಹುಟ್ಟಿದ ಮೇಲೆ ಒಂದೇ ಒಂದು ಕೆಲಸವನ್ನು ಪೂರ್ತಿ ಮಾಡಿದ್ದೆ, ಅದೂ ಹೀಗೆ. ಡಬ್ಬಿ ತಿರುಗಿಸಿ ಮೊದಲ ಬಾರಿಗೆ ಓದಿದೆ. ಮುಟ್ಟುವಷ್ಟು ಒಣಗಲು ನಾಲ್ಕು ಗಂಟೆ.

"ನಾಲ್ಕು ಗಂಟೆಗೆ ಒಣಗುತ್ತಾ?" ಎಂದರು ಔಷಧಿಯವರು.

"ನಾಲ್ಕು ಗಂಟೆಗಲ್ಲ ಸಾರ್, ನಾಲ್ಕು ಗಂಟೆ ಹೊತ್ತು ಬೇಕು... ಅಂದ್ರೆ, ಹತ್ತಿರ ಹತ್ತಿರ ಎರಡಕ್ಕೆ."

ಹದಿಮೂರು ಜೊತೆ ಕಣ್ಣು ನನ್ನ ಮೇಲೆ. ಕಾಂಪೌಂಡ್ ಗೋಡೆ ಆಳೆತ್ತರ, ಮೇಲೆ ಸಾಲಾಗಿ ಗಾಜಿನ ಚೂರು. ಅದನ್ನು ನೋಡಿದವರು ಮತ್ತೆ ನನ್ನನ್ನೇ ನೋಡಿದರು.

"ಬಿಡಿ, ಒಂದು ಬಟ್ಟೆ ಸುತ್ತಿ ಎಳೆದ್ರೆ ಆಯ್ತು," ಎಂದು ಮುಂದೆ ಬಂದರು ಬಸ್ ಡ್ರೈವರು. ಧೈರ್ಯವಂತರು. ಆದರೆ ಅವರು ಗೇಟು ತಲುಪುವ ಮೊದಲೇ ನನ್ನ ಮಗಳು ಅದರ ಮುಂದೆ ಎರಡೂ ಕೈ ಅಗಲಿಸಿ ನಿಂತಿದ್ದಳು.

"ಬೇಡಿ ಮಾಮಾ! ಸೋಮವಾರ ಗೇಟು ಕನ್ನಡಿ ಥರ ಹೊಳೀತಿರುತ್ತೆ ಅಂತ ಇಡೀ ಕ್ಲಾಸಿಗೆ ಹೇಳಿದೀನಿ. ನಿಮ್ಮ ಕೈ ಗುರುತು ಬಿದ್ರೆ ಅವರಿಗೆ ಏನು ಹೇಳ್ಲಿ?"

ಕೆಳತುಟಿ ನಡುಗುತ್ತಿತ್ತು. ಕೈ ತೋರಿಸಿದರೂ ಬಸ್ಸು ನಿಲ್ಲಿಸದ ಮನುಷ್ಯ ಅಲ್ಲೇ ಬ್ರೇಕು ಹಾಕಿಬಿಟ್ಟರು! ಆಮೇಲೆ ಬೆಕ್ಕಿಗೆ ಗಂಟೆ ಕಟ್ಟಲು ಯಾರೂ ಮುಂದೆ ಬರಲಿಲ್ಲ.

"ಅಯ್ಯೋ, ಸಂಜೆಗೆ ಕೊಡಬೇಕಾದ ನಾಲ್ಕು ಬಟ್ಟೆ ಇದೆಯಲ್ಲಪ್ಪಾ! ಇನ್ನೇನು ಗತಿ!" ಎಂದು ಟೈಲರಮ್ಮ ಹಣೆಗೆ ಕೈಹಚ್ಚಿದರು. ಅಷ್ಟು ಗತಿಗೆಟ್ಟವರು ಅಷ್ಟು ಆರಾಮಾಗಿ ಕಾಲು ಚಾಚಿ ಕೂತದ್ದನ್ನು ನಾನು ಎಲ್ಲೂ ನೋಡಿರಲಿಲ್ಲ. ಮಗಳು ಒಬ್ಬೊಬ್ಬ ತಾಯಿಯ ಬಳಿಯೂ ಹೋಗಿ ಕಿವಿಯಲ್ಲಿ ಏನೋ ಹೇಳುತ್ತಿದ್ದಳು. ಪಾಪ, ಅಪ್ಪನ ಪರವಾಗಿ ಕ್ಷಮೆ ಕೇಳುತ್ತಿದ್ದಾಳೆ! ನನ್ನ ಕಣ್ಣು ತೇವವಾಯಿತು.

ಹೆಂಡತಿಗೆ ಫೋನು ಮಾಡಿದೆ.

"ನಾವು ಶಾಲೆಯೊಳಗೆ ಸಿಕ್ಕಿಹಾಕ್ಕೊಂಡಿದ್ದೀವಿ ಕಣೇ. ಗೇಟು ಮುಟ್ಟೋ ಹಾಗಿಲ್ಲ, ಬಣ್ಣ ಹಸಿ."

"ಸಿಕ್ಕಿಹಾಕ್ಕೊಂಡ್ರಾ? ಯಾಕ್ರೀ, ಅಲ್ಲಿ..."

ಅಷ್ಟರಲ್ಲಿ ಮಗಳು, "ಅಪ್ಪಾ, ಕೊಡು, ಅಮ್ಮಂಗೆ ನಾನು ಬಿಡಿಸಿ ಹೇಳ್ತೀನಿ," ಎಂದು ಫೋನು ಕಿತ್ತುಕೊಂಡು ಮೂಲೆಗೆ ನಡೆದಳು. ಒಂದು ನಿಮಿಷ ಬಿಟ್ಟು ತಂದುಕೊಟ್ಟಳು.

"ಸರಿ," ಎಂದಳು ಹೆಂಡತಿ. ದನಿಯಲ್ಲಿ ಕೆಮ್ಮಿನಂಥದ್ದೇನೋ ಇತ್ತು. "ಎಲ್ರಿಗೂ ಊಟ ತರ್ತೀನಿ. ಅಲ್ಲೇ ಇರಿ."

"ಇನ್ನೆಲ್ಲಿಗೆ ಹೋಗ್ಲಿ!"

ಮೇಸ್ತ್ರಿ ಮಾತ್ರ ಮಲಗಿದ್ದ ಕಂಬದ ಮೇಲೆ ಕೂತು ಎಲ್ಲ ನೋಡುತ್ತಿದ್ದರು. ಈಗ ಎದ್ದು, ಲುಂಗಿ ಎತ್ತಿ ಕಟ್ಟಿಕೊಂಡು, ಬಹಳ ವಿನಯದಿಂದ ಕೇಳಿದರು:

"ಹೇಗೂ ಎರಡರವರೆಗೆ ಇಲ್ಲೇ ಇರ್ತೀರಿ. ಕಂಬ ಹಿಡ್ಕೊಂಡು ಇರ್ತೀರಾ, ಸುಮ್ನೆ ಇರ್ತೀರಾ?"

ಸುಮ್ಮನೆ ಇರುತ್ತೇವೆ ಎಂದು ಹತ್ತು ವರ್ಷದ ಹುಡುಗಿಯ ಮುಂದೆ ಹೇಳುವ ಗಂಡಸು ಇನ್ನೂ ಹುಟ್ಟಿಲ್ಲ. ವರ್ಷವಿಡೀ ಮಣ್ಣು ಕೂತಿದ್ದ ಗುಂಡಿಗಳನ್ನು ಮತ್ತೆ ತೋಡಿದೆವು. ತಾಯಂದಿರು ಜಲ್ಲಿ ಹೊತ್ತರು, ಕಲ್ಲು ಆರಿಸಿದರು, ಮೂಲೆಯ ಕಳೆಯನ್ನೆಲ್ಲ ಕಿತ್ತರು. ನಡುವೆ ಮೇಸ್ತ್ರಿ, "ಸಿಮೆಂಟು ಇನ್ನೊಂದು ಮೂಟೆ ಬೇಕಾಗುತ್ತೆ," ಎಂದರು. ಹತ್ತು ನಿಮಿಷಕ್ಕೆ ಮೂಟೆ ಬಂತು. ಹೇಗೆ ಬಂತು ಎಂದು ನಾನು ಕೇಳಲಿಲ್ಲ. ಬಣ್ಣ ಒಣಗಿತೋ ಎಂದು ಐದೈದು ನಿಮಿಷಕ್ಕೆ ಗೇಟನ್ನು ಊದಿ ಬರುವ ಹೊಣೆ ನನ್ನ ಮೇಲಿತ್ತು.

ಕಂಬ ಎದ್ದು ನಿಂತಿತು. ಮೇಲಿನಿಂದ ದಾರಕ್ಕೆ ಕಟ್ಟಿದ ಗುಂಡು ಇಳಿಬಿಟ್ಟು, "ಎಡಕ್ಕೆ... ಸ್ವಲ್ಪ ಬಲಕ್ಕೆ... ಹಾಂ, ಈಗ ಉಸಿರಾಡಬೇಡಿ," ಎಂದರು ಮೇಸ್ತ್ರಿ. ಕಾಂಕ್ರೀಟು ಸುರಿದರು. ಒಂದು ಕಂಬಕ್ಕೆ ನಾಲ್ವರಂತೆ ತಬ್ಬಿ ನಿಂತೆವು. ಎದುರೆದುರು ಮುಖ, ಕೈ ಬಿಡುವಂತಿಲ್ಲ, ಮಾತಾಡದೆ ಮಾಡುವುದೇನು?

"ನಿಮ್ಮವನು ಯಾವ ಕ್ಲಾಸು?" ಎಂದರು ಔಷಧಿಯವರು ಡ್ರೈವರಿಗೆ.

"ಮೂರು. ಕಿಟಕಿ ಪಕ್ಕದ ಬೆಂಚು."

"ಓಹೋ! ನಮ್ಮವನ ರಬ್ಬರ್ ಕಚ್ಚಿ ಹಾಕೋನು ನಿಮ್ಮ ಮಗನಾ?"

"ನಮ್ಮವನ ಊಟದ ಡಬ್ಬಿ ದಿನಾ ಖಾಲಿ ಮಾಡೋನು ನಿಮ್ಮವನಾ?"

ಕೈ ಖಾಲಿ ಇದ್ದಿದ್ದರೆ ಏನಾಗುತ್ತಿತ್ತೋ! ಕಂಬ ನಡುವೆ ಇದ್ದುದರಿಂದ ಇಬ್ಬರೂ ನಕ್ಕರು. ಮೂರು ವರ್ಷದಿಂದ ಮಕ್ಕಳು ಒಂದೇ ಬೆಂಚು, ಅಪ್ಪಂದಿರು ಮುಖ ನೋಡಿದ್ದು ಇವತ್ತು. ಇಬ್ಬರ ಮನೆಯೂ ಒಂದೇ ಬೀದಿ ಎಂದು ಅರ್ಧ ಗಂಟೆಯ ನಂತರ ಗೊತ್ತಾಯಿತು. ನನ್ನ ತೋಳು ಮಾತ್ರ ನನ್ನದಲ್ಲ ಎನಿಸತೊಡಗಿತ್ತು.

"ಸಾರ್," ಎಂದರು ಮೇಸ್ತ್ರಿ, "ನೀವು ಕಂಬ ಹಿಡ್ಕೊಂಡಿದೀರೋ, ಕಂಬ ನಿಮ್ಮನ್ನ ಹಿಡ್ಕೊಂಡಿದೆಯೋ?"

ಹನ್ನೆರಡೂವರೆಗೆ ಗೇಟಿನಾಚೆ ಹೆಂಡತಿ ಕಾಣಿಸಿದಳು. ಪಕ್ಕದಲ್ಲಿ ಆಟೋ, ಆಟೋದಲ್ಲಿ ಎರಡು ದೊಡ್ಡ ಪಾತ್ರೆ. ಟೈಲರಮ್ಮನ ಕೈಗೆ ಕಂಬ ಒಪ್ಪಿಸಿ ಓಡಿದೆ. ಅವಳು ಸರಳುಗಳ ಆಚೆಯಿಂದ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಮದುವೆಯಾಗಿ ಹದಿನಾಲ್ಕು ವರ್ಷ. ನಿಮ್ಮನ್ನ ಕಂಬಿ ಹಿಂದೆ ನೋಡೋ ಭಾಗ್ಯ ಇವತ್ತು ಬಂತು."

"ತಮಾಷೆ ಸಾಕು. ಪಾತ್ರೆ ಒಳಗೆ ಕೊಡು."

"ಸರಳಿನ ನಡುವೆ ಇದು ತೂರುತ್ತೇನ್ರೀ?"

"ಹಾಗಾದ್ರೆ?"

"ಒಣಗೋವರೆಗೆ ಪರಿಮಳ ಕುಡೀತಿರಿ."

ಮಗಳು ಓಡಿಬಂದು ಸರಳಿಗೆ ತಾಗದಂತೆ ಮುಖ ಚಾಚಿ ಅಮ್ಮನಿಗೆ ಏನೋ ಪಿಸುಗುಟ್ಟಿದಳು. ಹೆಂಡತಿ ತಲೆಯಾಡಿಸಿ, ಹೋಗಿ ಆಟೋದಲ್ಲೇ ಕೂತಳು. ಎಂಥ ತಾಳ್ಮೆ! ಇಷ್ಟು ವರ್ಷ ನಾನೇ ಅವಳನ್ನು ಅರ್ಥಮಾಡಿಕೊಂಡಿರಲಿಲ್ಲವೇನೋ ಎಂದುಕೊಂಡು ಕಂಬಕ್ಕೆ ಮರಳಿದೆ.

ಒಂದೂವರೆಗೆ ಮೇಲಿನ ಅಡ್ಡಕಂಬವೂ ಕೂತಿತು. ಆಸರೆಗೆ ನಾಲ್ಕೂ ಕಡೆ ಮರದ ತುಂಡು ಕೊಟ್ಟು ಬಿಗಿದು, ಮೇಸ್ತ್ರಿ ಹೇಳಿದರು: "ಈಗ ಕೈ ಬಿಡಿ."

ಬಿಡಲು ಯಾರಿಗೂ ಧೈರ್ಯವಿಲ್ಲ. ಒಂದೊಂದೇ ಬೆರಳು ಸಡಿಲಿಸಿದೆವು. ಹಿಂದೆ ಸರಿದೆವು. ಕಂಬಗಳು ನಿಂತೇ ಇದ್ದವು! ಹದಿನಾಲ್ಕು ಜನ ದೊಡ್ಡವರು ಎರಡು ಕಬ್ಬಿಣದ ಕಂಬವನ್ನು ಬಾಯಿಬಿಟ್ಟುಕೊಂಡು ನೋಡಿದೆವು. ಯಾರಿಗೂ ಫೋಟೋ ನೆನಪಾಗಲಿಲ್ಲ. ಮಗಳು ಕೆಂಪು ಹಗ್ಗ ಬಿಚ್ಚಿ, ಎರಡು ಕಂಬಗಳ ಸುತ್ತ ಮಾತ್ರ ಕಟ್ಟಿ, ಉಳಿದ ಉದ್ದವನ್ನು ಸುತ್ತಿ ಮಡಿಚಿದಳು. ಅರ್ಧ ಮೈದಾನ ವಾಪಸು ಬಂದಿತ್ತು.

"ಇನ್ನು ಬಾಮ್ಮಾ!" ಎಂದು ಕೂಗಿದಳು.

ನಾನು ಗೇಟಿನ ಕಡೆ ನೋಡಿದೆ. ಗೇಟು ಮುಚ್ಚಿಯೇ ಇತ್ತು, ಆಟೋ ಇರಲಿಲ್ಲ. ಎರಡು ನಿಮಿಷಕ್ಕೆ ಹಿಂದಿನಿಂದ ಯಾರೋ ಬೆನ್ನು ತಟ್ಟಿದರು.

"ಕೈ ತೊಳ್ಕೊಳ್ಳಿ. ಊಟ ಆರಿಹೋಗುತ್ತೆ."

ಪಾತ್ರೆ ಸಮೇತ ಹೆಂಡತಿ! ಒಳಗೆ!

"ನೀನು... ಹೇಗೆ ಬಂದೆ?"

"ಹಿಂದಿನ ಬಾಗಿಲಿಂದ. ನೀರಿನ ಟ್ಯಾಂಕ್ ಪಕ್ಕ. ಐದು ವರ್ಷದಿಂದ ಮಗಳನ್ನ ದಿನಾ ಅಲ್ಲಿಂದಲೇ ಬಿಡ್ತಿರೋದು ನಾನು. ನೀವು ಯಾವತ್ತಾದ್ರೂ ಬಿಟ್ಟಿದ್ರೆ ಗೊತ್ತಿರ್ತಿತ್ತು."

ನಾನು ಟೈಲರಮ್ಮನನ್ನು ನೋಡಿದೆ. ಅವರು ಆಕಾಶ ನೋಡಿದರು. ಏಳೂ ತಾಯಂದಿರು ಆಕಾಶ ನೋಡುತ್ತಿದ್ದರು. ಮೇಸ್ತ್ರಿ ಮೂಟೆಯ ಖಾಲಿ ಚೀಲವನ್ನು ಬಹಳ ಗಮನವಿಟ್ಟು ಮಡಿಚುತ್ತಿದ್ದರು. ಮುಖ್ಯೋಪಾಧ್ಯಾಯಿನಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು. ಗೊತ್ತಿಲ್ಲದವರು ಯಾರಪ್ಪಾ ಎಂದರೆ, ಔಷಧಿಯವರು, ಡ್ರೈವರು, ನಾನು ಮತ್ತು ನಮ್ಮಂಥ ಇನ್ನೂ ಮೂವರು ಮನೆಯ ಯಜಮಾನರು!

"ಬಾಗಿಲಿದೆ ಅಂತ ಯಾಕೆ ಹೇಳಲಿಲ್ಲ ಮರೀ?"

"ಹೇಳಿದ್ರೆ ಹೋದ ವರ್ಷದ ಹಾಗೆ ಹೋಗ್ಬಿಡ್ತಿದ್ರಲ್ಲಪ್ಪಾ," ಎಂದಳು ಮಗಳು, ಕೋಪವಿಲ್ಲದೆ, ನಿನ್ನೆ ಶುಕ್ರವಾರ ಎನ್ನುವಷ್ಟು ಸಹಜವಾಗಿ.

ಔಷಧಿಯವರು ಹೆಗಲಿನ ಬ್ಯಾಗು ಎಲ್ಲಿಟ್ಟೆನೆಂದು ಹುಡುಕಿದರು. ಸಿಕ್ಕ ಮೇಲೆ ಅದನ್ನು ಪಕ್ಕಕ್ಕಿಟ್ಟು ತಟ್ಟೆ ತೆಗೆದುಕೊಂಡರು. ಕೈ ಕೆಸರಾದರೆ ಬಾಯಿ ಮೊಸರು ಎನ್ನುವ ಗಾದೆಯನ್ನು ಪರೀಕ್ಷೆಯಲ್ಲಿ ವಿಸ್ತರಿಸಿ ಬರೆದಿದ್ದೇನೆ, ಅನುಭವಿಸಿದ್ದು ಆವತ್ತೇ.

ಆದರೂ ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ! ಗೇಟಂತೂ ನನ್ನದೇ. ಒಂದು ವಾರ ಕಳೆದು, ಉಯ್ಯಾಲೆ ಶುರುವಾಗುವ ಸೋಮವಾರ, ಆಫೀಸಿಗೆ ಅರ್ಧ ದಿನ ರಜೆ ಹಾಕಿ ಗೇಟಿನ ಪಕ್ಕ ಹೋಗಿ ನಿಂತೆ. ಇಡೀ ಕ್ಲಾಸು ಬಂದು ಹೊಳಪು ನೋಡುತ್ತದೆ, ಮಗಳು ನನ್ನತ್ತ ಬೆರಳು ತೋರಿಸುತ್ತಾಳೆ, ನಾನು ಬೇಡ ಬೇಡ ಎನ್ನಬೇಕು, ಎಲ್ಲ ಸಿದ್ಧವಾಗಿತ್ತು. ಎಂಟೂವರೆ ಆಯಿತು. ಒಂಬತ್ತಾಯಿತು. ಒಂದು ಮಗುವೂ ಬರಲಿಲ್ಲ. ಒಳಗಿನಿಂದ ಮಾತ್ರ ಸಂತೆಯಂಥ ಗಲಾಟೆ. ಸರಳಿನ ನಡುವೆ ಇಣುಕಿದೆ. ಕೆಂಪು ಹಗ್ಗವಿರಲಿಲ್ಲ. ಉಯ್ಯಾಲೆ ಮೇಲೆ ಬಂದಾಗ ಮಗಳ ಜಡೆ ಕಾಣುತ್ತಿತ್ತು, ಕೆಳಗೆ ಹೋದಾಗ ಸಾಲಲ್ಲಿ ನಿಂತ ಮಕ್ಕಳ ತಲೆ ಕಾಣುತ್ತಿತ್ತು. ಅವಳ ಹಲ್ಲು ಹೊಳೆಯುತ್ತಿದ್ದಷ್ಟು ನನ್ನ ಗೇಟು ಹೊಳೆಯುತ್ತಿರಲಿಲ್ಲ ಎಂದು ಒಪ್ಪಿಕೊಳ್ಳಬೇಕು.

ಒಳಗೆ ಕಸ ಗುಡಿಸುತ್ತಿದ್ದ ಆಯಾ ನನ್ನನ್ನು ಕಂಡು ಹತ್ತಿರ ಬಂದರು.

"ಏನ್ ಸಾರ್, ಇಲ್ಲಿ ನಿಂತಿದೀರಿ? ಎಲ್ರೂ ಹಿಂದಿನ ಬಾಗಿಲಿಂದ ಬಂದಾಯ್ತಲ್ಲ."

"ಮಕ್ಕಳು ಈ ಗೇಟಿಂದ ಬರೋದೇ ಇಲ್ವಾ?"

"ಇಲ್ಲ ಸಾರ್. ಮುಂದೆ ದೊಡ್ಡ ರಸ್ತೆ ಅಲ್ವಾ."

"ಮತ್ತೆ ಇದನ್ನ ತೆಗೆಯೋದು ಯಾವಾಗ?"

ಆಯಾ ಪೊರಕೆಗೆ ಗದ್ದ ಊರಿ ಸ್ವಲ್ಪ ಯೋಚಿಸಿದರು.

"ವರ್ಷಕ್ಕೊಂದೇ ಸಲ ಸಾರ್. ಫೋಟೋ ತೆಗೆಸ್ಕೊಳ್ಳೋರು ಬರ್ತಾರಲ್ಲ, ಆವಾಗ."