ಯಾರೂ ಕೇಳದ ಒಂದು ದಿನ

ರಜೆ ಎನ್ನುವುದು ಎಲ್ಲ ಕೆಲಸದಲ್ಲೂ ಒಂದೇ ಥರ ಇರುವುದಿಲ್ಲ. ಬ್ಯಾಂಕಿನವರಿಗೆ ಭಾನುವಾರ ಇದೆ, ಮೇಷ್ಟ್ರಿಗೆ ಬೇಸಿಗೆ ಇದೆ, ಕ್ಷೌರದಂಗಡಿಗೆ ಮಂಗಳವಾರ ಇದೆ. ಹಸು ಎಮ್ಮೆಗಳಿಗೆ ಇದ್ಯಾವುದೂ ಗೊತ್ತಿಲ್ಲ. ನಾನು ಸವಳಂಗದ ಹತ್ತಿರದ ಒಂದು ಹಳ್ಳಿಯಲ್ಲಿ ಹೆಂಗಸರ ಹಾಲಿನ ಸಂಘದ ಕಾರ್ಯದರ್ಶಿ. ಊರವರ ಬಾಯಲ್ಲಿ ಡೇರಿ ರತ್ನಕ್ಕ. ದೀಪಾವಳಿಯ ದಿನವೂ ಹಾಲು ಬರುತ್ತದೆ, ಚುನಾವಣೆಯ ದಿನವೂ ಬರುತ್ತದೆ, ನನಗೆ ಜ್ವರ ಬಂದಿದ್ದರೂ ಬರುತ್ತದೆ. ಇಂಥ ಕೆಲಸದಲ್ಲಿರುವ ನಾನು ಮೈಸೂರಿನಲ್ಲಿ ಒಂದು ದಿನ ಹೆಚ್ಚಿಗೆ ಉಳಿಯಬೇಕೆಂದು ಲೆಕ್ಕ ಹಾಕಿದ್ದು ಅರಮನೆ ನೋಡುವ ಆಸೆಯಿಂದಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ನನಗೆ ಬೇಕಾಗಿದ್ದುದು ಯಾರೂ ನನ್ನನ್ನು ಏನೂ ಕೇಳದ ಒಂದು ದಿನ.

ನಮ್ಮ ಯಜಮಾನರು ತೀರಿಕೊಂಡದ್ದು ಹೋದ ಬೇಸಿಗೆಯಲ್ಲಿ. ನ್ಯಾಮತಿಯಲ್ಲಿ ಅವರದು ಪಂಪ್‌ಸೆಟ್ ಮೋಟಾರು ರಿಪೇರಿಯ ಅಂಗಡಿ. ಬೆಳಿಗ್ಗೆ ಬಾಗಿಲು ತೆಗೆದು, ಸ್ಟೂಲಿನ ಮೇಲೆ ಕೂತವರು ಮತ್ತೆ ಏಳಲಿಲ್ಲ. ಮಗಳು ದಾವಣಗೆರೆಯ ಹಾಸ್ಟೆಲಿನಲ್ಲಿ ಓದುತ್ತಾಳೆ, ಮನೆಯಲ್ಲಿ ನಾನೊಬ್ಬಳೇ. ಬೇರೆಯವರ ಮನೆಯಲ್ಲಿ ಸಾವಾದರೆ ಜನ ಬಂದು ಮಾತಾಡಿಸಿ ಹೋಗುತ್ತಾರೆ, ಒಂದು ಸಲ, ಹೆಚ್ಚೆಂದರೆ ಎರಡು ಸಲ. ನನ್ನನ್ನು ಮಾತಾಡಿಸಬೇಕಾದವರೆಲ್ಲ ದಿನಕ್ಕೆರಡು ಹೊತ್ತು ಹಾಲಿನ ಕ್ಯಾನು ಹಿಡಿದು ನನ್ನ ಮುಂದೆಯೇ ಸಾಲಾಗಿ ನಿಲ್ಲುವವರು. “ಉಂಡ್ಯೇನವ್ವ?” “ನಿದ್ದೆ ಬಂತಾ?” “ಒಬ್ಳೇ ಹೆಂಗೆ ಇರ್ತೀಯೋ ತಾಯಿ!” ನಾನು ಹಾಲು ಅಳೆಯುತ್ತ ಹೂಂ ಎನ್ನುತ್ತಿದ್ದೆ. ನಿದ್ದೆ ಬರಲಿಲ್ಲ ಎಂದರೆ ಹಿಂದೆ ನಿಂತವರು ಔಷಧಿ ಹೇಳುತ್ತಿದ್ದರು. ಬಂತು ಎಂದರೆ ಅವರ ಹಿಂದಿನವರು ಮುಖ ಮುಖ ನೋಡಿಕೊಳ್ಳುತ್ತಿದ್ದರು. ಎರಡಕ್ಕೂ ನಡುವಿನ ಉತ್ತರವೊಂದನ್ನು ಹುಡುಕುವುದಕ್ಕೆ ನನಗೆ ಬಹಳ ಕಾಲ ಹಿಡಿಯಿತು. “ಅಷ್ಟಕ್ಕಷ್ಟೇ” ಎನ್ನುವುದು ಎಲ್ಲರಿಗೂ ಸಮಾಧಾನ ಕೊಡುತ್ತದೆ.

ಇನ್ನೊಂದು ತಾಪತ್ರಯವಿತ್ತು. ನಮ್ಮ ಕಡೆ ಸಾವಿನ ಮನೆಗೆ ಹೋದವರು ಹೊರಡುವಾಗ ‘ಬರ್ತೀನಿ’ ಎನ್ನುವಂತಿಲ್ಲ. ಸುಮ್ಮನೆ ಎದ್ದು ನಡೆಯಬೇಕು. ಡೇರಿಯೇನೂ ಸಾವಿನ ಮನೆಯಲ್ಲ. ಆದರೆ ಅಲ್ಲಿ ಕೂತಿದ್ದವಳು ನಾನು. ಹಾಗಾಗಿ ಊರ ಹೆಂಗಸರ ಕಣ್ಣಿಗೆ ನಾನೇ ಒಂದು ಸಾವಿನ ಮನೆಯಾಗಿಬಿಟ್ಟೆ. ಹಾಲು ಹಾಕಿ, ಖಾಲಿ ಕ್ಯಾನು ಎತ್ತಿಕೊಂಡು, ಒಂದು ಮಾತೂ ಇಲ್ಲದೆ ಹೊರಟುಬಿಡುವರು. ಸಂಜೆ ಮತ್ತೆ ಬರುವವರೇ. ಬಾರದೆ ಇರುವುದಕ್ಕೆ ಅವರ ಎಮ್ಮೆ ಬಿಡುವುದಿಲ್ಲ. ಒಂದು ಬೆಳಿಗ್ಗೆ ಹೊಸದಾಗಿ ಮದುವೆಯಾಗಿ ಬಂದಿದ್ದ ಹುಡುಗಿಯೊಬ್ಬಳು ಬಾಯಿತಪ್ಪಿ “ಬರ್ತೀನಕ್ಕ” ಅಂದಳು. ಅವಳ ಅತ್ತೆ ಅಲ್ಲೇ ಅವಳ ತೋಳು ಚಿವುಟಿದರು. ಹುಡುಗಿಯ ಮುಖ ನೋಡಿ ನನಗೆ ಎಷ್ಟೋ ದಿನದ ಮೇಲೆ ನಗು ಬಂತು. ನಕ್ಕದ್ದೂ ತಪ್ಪಾಯಿತೆಂದು ಅತ್ತೆಯ ಕಣ್ಣು ಹೇಳಿತು.

ಹೀಗಿರುವಾಗ ಮೈಸೂರಿನಲ್ಲಿ ಹಾಲಿನ ಸಂಘಗಳ ಕಾರ್ಯದರ್ಶಿಗಳಿಗೆ ಎರಡು ದಿನದ ಸಮ್ಮೇಳನವೆಂದು ಕರೆ ಬಂತು. ಒಲ್ಲೆ ಎಂದು ಹೇಳಬೇಕೆಂದಿದ್ದೆ. ನಮ್ಮ ಸಂಘದಲ್ಲಿ ಹಾಲಿನ ಟೆಸ್ಟ್ ಮಾಡುವ ಮೆಹರುನ್ನಿಸಾ, ನನಗಿಂತ ಚಿಕ್ಕವಳು, ಟೆಸ್ಟಿನ ಬಾಟಲಿ ತೊಳೆಯುತ್ತಲೇ ಹೇಳಿದಳು: “ಹೋಗಿ ಬರ್ರಿ ರತ್ನಕ್ಕ. ಇಲ್ಲಿದ್ದು ಇವರಿಗೆಲ್ಲ ಉತ್ತರ ಹೇಳೋದಕ್ಕಿಂತ ಆ ಭಾಷಣ ಕೇಳೋದು ಮೇಲು. ಡೇರಿ ನಾನು ನೋಡ್ಕಂತೀನಿ.” ಆಮೇಲೆ ಬಾಟಲಿ ಕೆಳಗಿಟ್ಟು ಅವಳ ತಾಯಿಯ ವಿಷಯ ಹೇಳಿದಳು. ಅವರಲ್ಲಿ ಗಂಡ ತೀರಿಕೊಂಡ ಮೇಲೆ ಹೆಂಗಸು ಕೆಲವು ತಿಂಗಳು ಮನೆಯೊಳಗೇ ಇರಬೇಕು, ಅದಕ್ಕೆ ಇದ್ದತ್ ಅನ್ನುತ್ತಾರೆ. “ಅದು ಮುಗಿದ ಮ್ಯಾಲೆ ಅಮ್ಮಿನ ಹೊನ್ನಾಳಿಗೆ ಕರ್ಕಂಡು ಹೋದ್ವಿ. ಸೇತುವೆ ಮ್ಯಾಲೆ ನಿಂತು ಸುಮ್ನೆ ಹೊಳೆ ನೋಡಿದ್ಲು. ಬಸ್ಸು ಲಾರಿ ಓಡಾಡ್ತಿದ್ವು, ಯಾರೂ ಅವಳನ್ನ ತಿರುಗಿ ನೋಡಲಿಲ್ಲ. ಮನೆಗೆ ಬಂದು ಹೇಳಿದ್ಲು, ಅಲ್ಲಿ ನಾನು ಯಾರೂ ಆಗಿರಲಿಲ್ಲ ಕಣೇ, ಎಷ್ಟು ಹಿತ ಅನ್ನಿಸ್ತು ಅಂತ.”

ಆ ಮಾತು ನನ್ನ ತಲೆಯಲ್ಲಿ ಕೂತಿತು. ಸಮ್ಮೇಳನ ಎರಡು ದಿನ. ಮೂರನೆಯ ದಿನ ನಾನೂ ಯಾರೂ ಅಲ್ಲದವಳಾಗಿ ಇರಬಾರದೇಕೆ?

ಮೆಹರುಗೆ ಮಾತ್ರ ಹೇಳಿ ಗುಟ್ಟಾಗಿ ಇಟ್ಟುಕೊಳ್ಳಬೇಕೆಂದಿದ್ದ ಈ ಯೋಜನೆ ಸಂಜೆಯ ಹಾಲಿನ ಹೊತ್ತಿಗೆ ಇಡೀ ಸಾಲಿಗೆ ಗೊತ್ತಾಗಿತ್ತು. ಯಾರಿಂದ ಎಂದು ನಾನು ಮೆಹರುವನ್ನು ಕೇಳಲಿಲ್ಲ; ಅವಳು ಬಾಟಲಿಯನ್ನು ಬೇಕೆಂದೇ ಹೆಚ್ಚು ಹೊತ್ತು ಅಲ್ಲಾಡಿಸುತ್ತಿದ್ದಳು. ಮೊದಲು ಬಾಯಿ ತೆಗೆದವರು ಕಮಲಮ್ಮ. “ವರ್ಷ ತುಂಬಿಲ್ಲ, ಮೈಸೂರಿಗೆ ಹೊಂಟೀಯಾ?”

ನನ್ನ ಪರವಾಗಿ ಉತ್ತರ ಕೊಟ್ಟವರು ಸಾಲಿನ ಮುಂದೆ ನಿಂತಿದ್ದ ಹಾಲಮ್ಮಜ್ಜಿ. “ಮೈಸೂರೇನು ಮದುವೆ ಮನೆಯೇನೆ, ವರ್ಷ ತುಂಬಾಕೆ? ಆಪೀಸಿನ ಕೆಲಸಕ್ಕೆ ಹೊಂಟಾಳೆ.”

“ಎರಡು ದಿನ ಆಪೀಸು. ಮೂರನೇ ದಿನ ಯಾವ ಆಪೀಸಜ್ಜಿ?”

“ಮೂರನೇ ದಿನ ಬಸ್ಸು ಕಾಯ್ತಾಳೆ. ನಿನಗ್ಯಾಕೆ ಅದು? ನಿನ್ನ ಹಾಲಿನ ಡಿಗ್ರಿ ನೋಡ್ಕ ಹೋಗು. ಮೊನ್ನೆ ಮೆಹರು ನೋಡಿದಾಗ ಅದು ಹಾಲೋ ಹೊಳೆಯೋ ಗೊತ್ತಾಗಲಿಲ್ಲಂತೆ.”

ಸಾಲು ಪೂರಾ ನಕ್ಕಿತು. ಕಮಲಮ್ಮನೂ ನಕ್ಕರು, ನಗದಿದ್ದರೆ ಒಪ್ಪಿಕೊಂಡಂತಾಗುತ್ತಿತ್ತು. ನಕ್ಕ ಮೇಲೆ ನನ್ನ ಪ್ರಯಾಣ ಊರಿನ ಪ್ರಯಾಣವಾಯಿತು. ಒಬ್ಬರು ಅಗರಬತ್ತಿ ತಾ ಎಂದರು, ಒಬ್ಬರು ಬಾಳೆಹಣ್ಣು ತಾ ಎಂದರು. ಅಡಿಕೆ ಫಸಲನ್ನು ಗುತ್ತಿಗೆ ಹಿಡಿಯುವ ಚೇಣಿ ಮನೆಯವರು ಅಲ್ಲಿ ಅಡಿಕೆಗೆ ಏನು ರೇಟು ವಿಚಾರಿಸಿಕೊಂಡು ಬಾ ಎಂದರು. ಹಾಲಮ್ಮಜ್ಜಿ ಮಾತ್ರ ಏನನ್ನೂ ತರಬೇಡ ಎಂದರು. “ಅಲ್ಲಿ ಪ್ರಾಣಿಗಳನ್ನ ಇಟ್ಟಾರಲ್ಲ, ಅಲ್ಲಿ ಉದ್ದ ಕುತ್ತಿಗೆದು ಒಂದು ಐತಂತೆ. ಅದು ಹೆಂಗೆ ನೀರು ಕುಡೀತೈತೆ ನೋಡ್ಕಂಬಾ. ನಾನು ಸಾಯೋದ್ರಾಗೆ ತಿಳ್ಕಬೇಕು.”

ಊರಿನವರನ್ನು ದಾಟಿದರೆ ಬಂಧುಗಳು. ನಮ್ಮ ಯಜಮಾನರ ಚಿಕ್ಕಪ್ಪನ ಮಗಳು ಗಿರಿಜಾ ಮೈಸೂರಿನಲ್ಲಿದ್ದಾಳೆ. ನಮ್ಮ ಕಡೆಯವರು ಊರು ನೋಡಲು ಹೋಗುವುದೆಂದರೆ ಆ ಊರಿನಲ್ಲಿರುವ ಬಂಧುಗಳನ್ನು ನೋಡಲು ಹೋಗುವುದು. ಊರು ಅವರ ಕಿಟಕಿಯಿಂದ ಕಂಡಷ್ಟು. ನಾನು ಲಾಡ್ಜಿನಲ್ಲಿ ಒಂದು ರಾತ್ರಿ ಇರುತ್ತೇನೆ ಎಂದದ್ದೇ ತಡ, ಫೋನಿನಲ್ಲೇ ರಾಗ ತೆಗೆದಳು. “ಲಾಡ್ಜಾ ಅತ್ತಿಗೆ? ನಾನು ಇಲ್ಲಿ ಜೀವಂತ ಇರುವಾಗ? ಜನ ಏನಂತಾರೆ?”

“ಯಾವ ಜನ ಗಿರಿಜಾ? ಮೈಸೂರಾಗೆ ನನ್ನ ಗುರುತು ಯಾರಿಗೈತೆ?”

“ನನಗಿಲ್ವಾ?”

ಅವಳು ಆಗಲೇ ಮೂರನೆಯ ದಿನಕ್ಕೆ ರಜೆ ಹಾಕುವ ಯೋಚನೆಯಲ್ಲಿದ್ದಳು. ಇಬ್ಬರೂ ಕೂತು ಅಣ್ಣನ ಬಗ್ಗೆ ಮನಸಾರೆ ಅತ್ತು ಹಗುರಾಗೋಣ ಎಂದಳು. ಒಳ್ಳೆಯ ಮನಸ್ಸಿನ ಹುಡುಗಿ. ಕೊನೆಗೆ, ರಾತ್ರಿ ನಿಮ್ಮ ಮನೆಗೇ ಬರುತ್ತೇನೆ, ಹಗಲು ಮಾತ್ರ ನನ್ನ ಪಾಡಿಗೆ ಬಿಡು ಎಂದು ಚೌಕಾಸಿ ಮಾಡಿದೆ. ಎರಡು ದೇಶಗಳ ನಡುವಿನ ಒಪ್ಪಂದವೂ ಇಷ್ಟು ಕಷ್ಟದಲ್ಲಿ ಆಗಿರಲಾರದು.

ಸಮ್ಮೇಳನದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂದು ಚೀಲ ಕೊಟ್ಟರು, ಒಂದು ಪೆನ್ನು ಕೊಟ್ಟರು, ಶುದ್ಧ ಹಾಲಿನ ಬಗ್ಗೆ ಹಾಲು ಕರೆದೇ ಇಲ್ಲದವರು ಮಾತಾಡಿದರು. ಊಟ ಚೆನ್ನಾಗಿತ್ತು. ತಂಗಿದ್ದ ಛತ್ರದಲ್ಲಿ ನನ್ನ ಪಕ್ಕದ ಹಾಸಿಗೆ ಜಗಳೂರಿನ ಕಡೆಯ ಕಾರ್ಯದರ್ಶಿಯೊಬ್ಬರದು. ನೋಡಿದ ಮುಖವಲ್ಲ, ಕೇಳಿದ ಹೆಸರಲ್ಲ. ಸದ್ಯ, ಇಲ್ಲಿಂದಲೇ ಶುರುವಾಯಿತು ನನ್ನ ಬಿಡುವು ಎಂದುಕೊಂಡು ಚಾದರ ಕೊಡವುತ್ತಿದ್ದೆ. ಅವರು ನನ್ನ ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡರು. “ನೀವೇ ಅಲ್ಲೇನ್ರೀ ಸವಳಂಗದ ಕಡೇರು? ನಿಮ್ಮ ಯಜಮಾನ್ರು ತೀರ್ಕಂಡ್ರಂತೆ, ಚನ್ನಗಿರಿಯೋರು ಹೇಳಿದ್ರು. ಏನಾಗಿತ್ತು?” ಮೈಸೂರಿನ ಬಸ್ಸಿಗೆ ನನಗಿಂತ ಮೊದಲೇ ನನ್ನ ಸುದ್ದಿ ಹತ್ತಿತ್ತು.

ಮೂರನೆಯ ದಿನ ಬೆಳಿಗ್ಗೆ ಗಿರಿಜಾಳ ಮನೆಯಿಂದ ತಪ್ಪಿಸಿಕೊಂಡು ಬಂದವಳಂತೆ ಬೀದಿಗಿಳಿದೆ. ನಿಜ ಹೇಳುತ್ತೇನೆ, ಬಹಳ ಚೆನ್ನಾಗಿತ್ತು. ಮಾರ್ಕೆಟ್ಟಿನಲ್ಲಿ ಹೂವಿನವಳು ನನ್ನ ಬೋಳು ಹಣೆಯನ್ನು ನೋಡದೆ “ಮೊಳ ಕೊಡ್ಲಾಮ್ಮ?” ಎಂದಳು. ಹೋಟೆಲಿನವನು “ಏನ್ ಕೊಡ್ಲಿ?” ಎಂದ, ನಿದ್ದೆ ಬಂತಾ ಎಂದು ಕೇಳಲಿಲ್ಲ. ಉದ್ದ ಕುತ್ತಿಗೆಯದನ್ನು ನೋಡಿದೆ. ನಾನು ನಿಂತಿದ್ದಷ್ಟು ಹೊತ್ತೂ ಅದಕ್ಕೆ ಬಾಯಾರಲಿಲ್ಲ. ಮಧ್ಯಾಹ್ನದ ಮೇಲೆ ಬಸ್ಸು ಹಿಡಿದು ಕನ್ನಂಬಾಡಿ ಕಟ್ಟೆಗೆ ಹೋದೆ.

ಅಲ್ಲಿಗೆ ಹೋಗಬಾರದಿತ್ತೇನೋ. ತೋಟದ ತುಂಬ ಕಾರಂಜಿಗಳು. ನಮ್ಮ ಯಜಮಾನರಿಗೆ ನೀರನ್ನು ಕಂಡರೆ ಅದನ್ನು ಮೇಲೆತ್ತುತ್ತಿರುವುದು ಯಾವುದು ಎನ್ನುವುದೊಂದೇ ಯೋಚನೆ. ಒಮ್ಮೆ ಜೋಗಕ್ಕೆ ಹೋಗಿದ್ದೆವು. ಎಲ್ಲರೂ ನೀರು ಬೀಳುವುದನ್ನು ನೋಡುತ್ತಿದ್ದರೆ ಇವರು “ಇದನ್ನ ವಾಪಸ್ ಮೇಲೆ ಹತ್ತಿಸಬೇಕಂದ್ರೆ ಎಂಥ ಮೋಟ್ರು ಬೇಕಾಗ್ತೈತೆ!” ಎಂದು ದಾರಿಯುದ್ದಕ್ಕೂ ಅದನ್ನೇ ಯೋಚಿಸಿದರು. ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗ ಹಿತ್ತಲಿನ ಬೋರಿನ ಸದ್ದು ಕೇಳಿ “ಬೇರಿಂಗ್ ಹೋಗೈತೆ” ಎಂದು ಎಲೆ ಬಿಟ್ಟು ಎದ್ದವರು. ಕಾರಂಜಿಯ ಮುಂದೆ ನಿಂತು ಇದನ್ನೆಲ್ಲ ಯೋಚಿಸುತ್ತಿದ್ದಾಗ ಹೊಸದಾಗಿ ಮದುವೆಯಾದ ಗಂಡ ಹೆಂಡತಿ ಬಂದು ತಮ್ಮದೊಂದು ಫೋಟೋ ತೆಗೆದುಕೊಡಿ ಎಂದು ಫೋನು ಕೊಟ್ಟರು. ತೆಗೆದುಕೊಟ್ಟೆ. ಹುಡುಗಿ ಥ್ಯಾಂಕ್ಸ್ ಹೇಳಿ, “ಒಬ್ಬರೇ ಬಂದಿದೀರಾ ಆಂಟಿ?” ಎಂದಳು.

ಇಷ್ಟು ಸಣ್ಣ ಪ್ರಶ್ನೆ. ಹೌದು ಎಂದಿದ್ದರೆ ಮುಗಿಯುತ್ತಿತ್ತು. “ಇಲ್ಲಮ್ಮ” ಎಂದೆ. “ನಮ್ಮನೆಯೋರೂ ಬಂದಾರೆ. ಈ ಕಾರಂಜಿ ಮೋಟ್ರು ಎಲ್ಲೈತೆ ನೋಡ್ಕಂಡು ಬರ್ತೀನಿ ಅಂತ ಆ ಕಡೆ ಹೋದ್ರು.”

ನಾನು ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಯಾರಿಗೂ ಏನೂ ಗೊತ್ತಿಲ್ಲದ ಊರಿನಲ್ಲಿ ಅವರು ತೀರಿಕೊಂಡಿರುವುದೂ ಯಾರಿಗೂ ಗೊತ್ತಿರಲಿಲ್ಲ. ಅದು ಬಾಯಿಗೆ ಮೊದಲು ಹೊಳೆಯಿತು, ಆಮೇಲೆ ನನಗೆ. ಹುಡುಗಿ ಕಿಲಕಿಲ ನಕ್ಕಳು. “ನಮ್ಮಪ್ಪನೂ ಹೀಗೇ ಆಂಟಿ. ಅಂಕಲ್ ಬರಲಿ, ನಿಮ್ಮಿಬ್ಬರ ಫೋಟೋ ನಾವು ತೆಗೆದುಕೊಡ್ತೀವಿ” ಎಂದು ಅಲ್ಲೇ ಕಾರಂಜಿಯ ಅಂಚಿನ ಕಟ್ಟೆಯ ಮೇಲೆ ಕೂತಳು. ಗಂಡನೂ ಕೂತ. ನಾವು ಮೂವರೂ ನಮ್ಮ ಯಜಮಾನರಿಗಾಗಿ ಕಾದೆವು. ನಾಚಿಕೆಯ ವಿಷಯವೇನೆಂದರೆ, ನಾನೂ ಆ ಕಡೆಗೇ ನೋಡುತ್ತಿದ್ದೆ. ಸ್ವಲ್ಪ ಹೊತ್ತಾದ ಮೇಲೆ, ಇವರು ಮೋಟ್ರು ಕಂಡರೆ ಬೇಗ ಬರುವವರಲ್ಲ, ನಾನೇ ಹೋಗಿ ಕರೆಯುತ್ತೇನೆ ಎಂದು ಎದ್ದು, ಗಿಡಗಳ ಮರೆಯಲ್ಲಿ ಸರಸರನೆ ನಡೆದು, ಹೊರಗಿನ ಬಸ್ ಸ್ಟಾಪಿಗೆ ಬಂದು ನಿಂತೆ.

ಅಲ್ಲಿ ತಲೆಗೆ ಮಫ್ಲರ್ ಸುತ್ತಿಕೊಂಡ ವಯಸ್ಸಾದ ಗಂಡಸರೊಬ್ಬರು ಸೊಪ್ಪಿನ ಚೀಲ ಇಟ್ಟುಕೊಂಡು ಮೈಸೂರಿನ ಬಸ್ಸು ಕಾಯುತ್ತಿದ್ದರು. ಬಸ್ಸಿಗಿಂತ ಮೊದಲು ಆ ಹುಡುಗಿಯ ಕಾರು ಬಂತು. ನಮ್ಮನ್ನು ಕಂಡು ನಿಂತಿತು. “ಅಂತೂ ಸಿಕ್ಕಿದ್ರಾ! ನಮಸ್ಕಾರ ಅಂಕಲ್, ಮೋಟ್ರು ನೋಡಿದ್ರಾ?”

ಅವರು ಕಾರನ್ನು ನೋಡಿದರು, ನನ್ನ ಮುಖವನ್ನು ನೋಡಿದರು. ನನ್ನ ಮುಖದಲ್ಲಿ ಏನಿತ್ತೋ ನನಗೆ ಗೊತ್ತಿಲ್ಲ. “ನೋಡ್ದೆ ಕಣವ್ವ” ಎಂದರು.

“ಚೆನ್ನಾಗಿತ್ತಾ?”

“ವಸಿ ಹಳೇದು. ಓಡ್ತದೆ.”

ಹುಡುಗಿ ಕಾರಿನಿಂದಿಳಿದು ನನ್ನ ಫೋನು ಇಸಿದುಕೊಂಡು ನಮ್ಮಿಬ್ಬರ ಫೋಟೋ ತೆಗೆದಳು. ಅವರು ಮಫ್ಲರ್ ಸರಿಮಾಡಿಕೊಂಡು, ನಡುವೆ ಸೊಪ್ಪಿನ ಚೀಲ ಹಿಡಿಯುವಷ್ಟು ಜಾಗ ಬಿಟ್ಟು ನಿಂತರು. ಕಾರು ಹೋದ ಮೇಲೆ ನನ್ನ ಕಡೆ ತಿರುಗಿ, “ಯಾವ ಮೋಟ್ರು ತಾಯಿ?” ಎಂದರು.

ಹೇಳಲು ಶುರುಮಾಡಿದೆ. ಕ್ಷಮೆ ಕೇಳಿ ಎರಡು ಮಾತಿನಲ್ಲಿ ಮುಗಿಸಬೇಕೆಂದಿದ್ದೆ. ಆದರೆ ಮೋಟ್ರು ಎಂದರೆ ಅಂಗಡಿಯ ವಿಷಯ ಬಂತು, ಅಂಗಡಿ ಎಂದರೆ ಆ ಸ್ಟೂಲಿನ ವಿಷಯ ಬಂತು. ಬೇಸಿಗೆ ಬಂತು, ಡೇರಿ ಬಂತು, ನಿದ್ದೆ ಬಾರದೆ ಇರುವುದೂ ಬಂತು. ಊರಿನಲ್ಲಿ ಅಷ್ಟು ಜನ ಅಷ್ಟು ಸಲ ಕೇಳಿದರೂ ಹೇಳದೆ ಇದ್ದದ್ದೆಲ್ಲವನ್ನೂ, ಮೋಟ್ರು ಬಿಟ್ಟು ಬೇರೇನನ್ನೂ ಕೇಳದ ಆ ಮನುಷ್ಯರಿಗೆ, ಹೆಸರು ಕೂಡ ಗೊತ್ತಿಲ್ಲದವರಿಗೆ, ರಸ್ತೆಬದಿಯಲ್ಲಿ ನಿಲ್ಲಿಸಿಕೊಂಡು ಹೇಳಿದೆ. ಮಧ್ಯೆ ಬಸ್ಸು ಬಂದು ನಿಂತಿತು. ಅವರು ಒಮ್ಮೆ ಬಸ್ಸನ್ನು ನೋಡಿದರು, ಒಮ್ಮೆ ನನ್ನನ್ನು ನೋಡಿದರು. ನಾನು ಮಾತು ನಿಲ್ಲಿಸಲಿಲ್ಲ. ಬಸ್ಸು ಹೊರಟುಹೋಯಿತು.

ಅವರು ನಿಟ್ಟುಸಿರು ಬಿಟ್ಟು, ಕಲ್ಲುಬೆಂಚಿನ ಮೇಲಿದ್ದ ಸೊಪ್ಪಿನ ಚೀಲವನ್ನು ಕೆಳಗಿಟ್ಟು ನನಗೆ ಜಾಗ ಮಾಡಿದರು. “ಇನ್ನೊಂದು ಬಸ್ಸು ಬರೋದು ತಡ ಆಯ್ತದೆ. ಕೂತ್ಕಳವ್ವ. ಆಮೇಕೇನಾಯ್ತು?”

ಕೂತು ಹೇಳಿದೆ. ಆ ಇನ್ನೊಂದು ಬಸ್ಸನ್ನೂ ಅವರಿಗೆ ತಪ್ಪಿಸಿದೆ.