ದಿನಾಲೂ ಹೊಸಬನಾಗುವ ಮಾಮ

ನನ್ನ ಸೋದರಮಾವನಿಗೆ ಇಂಟರ್ನೆಟ್ ಚೆನ್ನಾಗಿ ಗೊತ್ತು. ಇಂಟರ್ನೆಟ್ಟಿಗೆ ಮಾತ್ರ ಮಾಮ ಯಾರೆಂದು ಗೊತ್ತಿಲ್ಲ! ಆರು ವರ್ಷದಿಂದ ದಿನಾ ಅದೇ ಸುದ್ದಿ, ಅದೇ ಹವಾಮಾನ, ಅದೇ ಹತ್ತಿಯ ಧಾರಣೆಯ ಜಾಲತಾಣ ನೋಡುತ್ತಾನೆ. ಅವು ದಿನಾ ಅವನನ್ನು ಹೊಸಬನೆಂದೇ ಬರಮಾಡಿಕೊಳ್ಳುತ್ತವೆ.

ಕಾರಣ ಕುಕೀಗಳು. ನಾವು ನೋಡಿದ ಜಾಲತಾಣ ನಮ್ಮ ಕಂಪ್ಯೂಟರಿನಲ್ಲಿ ಇಟ್ಟು ಹೋಗುವ ಸಣ್ಣ ಗುರುತಿನ ಚೀಟಿಗೆ ಆ ಹೆಸರು. ಮತ್ತೆ ಹೋದಾಗ ಚೀಟಿ ನೋಡಿ ನಮ್ಮ ಗುರುತು ಹಿಡಿಯುತ್ತದೆ. ಮಾಮ ಓದಿ ಮುಗಿಸಿದ ಕೂಡಲೇ ಎಲ್ಲ ಚೀಟಿಗಳನ್ನೂ ಅಳಿಸಿಬಿಡುತ್ತಾನೆ. ಬಾಗಿಲು ಹಾಕುವಷ್ಟೇ ಸಹಜವಾಗಿ!

ಅದು ಕಸುಬಿನಿಂದ ಬಂದ ಚಟ. ದೇವದುರ್ಗದ ನೋಂದಣಿ ಕಚೇರಿಯ ಎದುರಿನ ಬೇವಿನ ಮರದ ಕೆಳಗೆ ಮೂವತ್ತು ವರ್ಷ ಪತ್ರ ಬರಹಗಾರನಾಗಿದ್ದವನು. ಪತ್ರ ಪಕ್ಕಾ ಆದಮೇಲೆ ಕಚ್ಚಾ ಪ್ರತಿಯನ್ನು ಕಕ್ಷಿದಾರರ ಕಣ್ಣೆದುರೇ ಚೂರು ಚೂರು ಮಾಡುತ್ತಿದ್ದ. "ಮಂದಿ ಮನಿ ಮಾತು, ನಮ್ಮ ಕೈಯಾಗ ಯಾಕ ಇರಬೇಕು?" ಎನ್ನುತ್ತಿದ್ದ. ಅಂಥವನು ತನ್ನ ಮಾತನ್ನು ಮಂದಿಯ ಕೈಯಲ್ಲಿ ಬಿಟ್ಟಾನೆಯೇ?

ಒಮ್ಮೆ ಹೈದರಾಬಾದಿನ ಮದುವೆಗೆ ಬಸ್ ಟಿಕೆಟ್ ತೆಗೆಯಲು ಕೂತೆವು. 'ನಾವು ಮತ್ತು ನಮ್ಮ ಪಾಲುದಾರರು' ಎಂದು ಒಪ್ಪಿಗೆ ಕೇಳುವ ಪೆಟ್ಟಿಗೆ ಬಂತು. ನಾನು ಒತ್ತಲು ಹೋದರೆ ಮಾಮ ಕೈ ಹಿಡಿದ.

"ತಡಿ ಯವ್ವಾ. ಪಾಲುದಾರ್ರು ಇಷ್ಟ ಮಂದಿ ಅದಾರ. ಒಬ್ಬರದರ ಸಹಿ ಅದ ಏನು?"

"ಮಾಮಾ, ಸೀಟು ಹೊಕ್ಕಾವು."

"ಹೋಗ್ಲಿ ಬಿಡು. ಓದದ ಹೆಬ್ಬಟ್ಟು ಒತ್ತಿದವ್ರನ್ನ ಭಾಳ ನೋಡೀನಿ."

ಓದಿದ. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದ. ಹೈದರಾಬಾದಿನವರೆಗೆ ನಾವು ನಿಂತೇ ಹೋದೆವು.

ತನ್ನ ಕಂಪ್ಯೂಟರಿಗಷ್ಟೇ ಈ ಅಳಿಸುವ ಉಪಕಾರ ಎಂದುಕೊಳ್ಳಬೇಡಿ. ಮಾನ್ವಿಯ ಬೀಗರ ಮನೆಗೆ ಊಟಕ್ಕೆ ಹೋದವನು ಅವರ ಕಂಪ್ಯೂಟರನ್ನೂ ತೊಳೆದು ಬಂದ. ನಮ್ಮ ಅತ್ತೆಯ ಧಾರಾವಾಹಿ ಎಲ್ಲಿಗೆ ನಿಂತಿತ್ತೆಂಬ ಗುರುತೂ ಒಂದು ದಿನ ಹೋಯಿತು. "ಇವ್ರ ಕೈಯಾಗ ಸಿಕ್ರ ನನ್ನ ಹೆಸರೂ ಅಳಸ್ತಾರ" ಎಂದು ಅತ್ತೆ ಎರಡು ದಿನ ಮಾತು ಬಿಟ್ಟಳು.

ಈ ನಡುವೆ ರಾಯಚೂರಿನಲ್ಲಿ ಶಾಲೆಯ ಟೀಚರಾಗಿರುವ ನಾನು ನಮ್ಮ ಕಡೆಯ ಅಡುಗೆಗಳ ಬಗ್ಗೆ ಒಂದು ಜಾಲತಾಣ ಶುರು ಮಾಡಿದೆ. ಎರಡು ತಿಂಗಳು ಒಂದು ನೊಣವೂ ಬರಲಿಲ್ಲ. ಮುಚ್ಚಿಬಿಡೋಣ ಎನ್ನುವಷ್ಟರಲ್ಲಿ ಜಾಲತಾಣದ ಎಣಿಕೆಯಲ್ಲಿ ದೇವದುರ್ಗದಿಂದ ದಿನಕ್ಕೆ ಎಂಟು ಹತ್ತು ಹೊಸ ಓದುಗರು ಕಾಣತೊಡಗಿದರು! ನಾನು ಹಿಗ್ಗಿ ಹೀರೇಕಾಯಾದೆ. ಸ್ಟಾಫ್ ರೂಮಿನಲ್ಲಿ ಹೇಳಿಕೊಂಡೂ ಬಂದೆ. ಆ ಹುರುಪಿನಲ್ಲೇ ವಾರಕ್ಕೆರಡು ಬರಹ ಬರೆದೆ.

ಒಂದು ಶನಿವಾರ ಶಾಲೆ ಮುಗಿಸಿ ದೇವದುರ್ಗಕ್ಕೆ ಹೋದರೆ ಮಾಮ ನನ್ನ ಗುರೆಳ್ಳು ಚಟ್ನಿಯ ಪುಟವನ್ನೇ ಓದುತ್ತಿದ್ದ. ಮುಗಿಸಿದ, ಅಳಿಸಿದ. ಚಹಾ ಕುಡಿದು ಮತ್ತೆ ತೆರೆದ.

"ಮಾಮಾ, ದಿನಕ್ಕ ಎಷ್ಟ ಸಲ ನೋಡ್ತಿ?"

"ಎಂಟ ಹತ್ತ ಸಲ. ಹೊಸದೇನರ ಬರದೀ ಏನು ಅಂತ."

ಅಷ್ಟೂ ಓದುಗರು ಇವನೊಬ್ಬನೇ! ಅಳಿಸಿದಾಗಲೆಲ್ಲ ಅವನು ಹೊಸಬನಾಗಿ ಎಣಿಕೆಗೆ ಸೇರುತ್ತಿದ್ದ. ತಡೆಯಲಾರದೆ ಅದನ್ನು ಅವನಿಗೆ ಹೇಳಿಬಿಟ್ಟೆ. "ಓದವ್ರೇ ಇಲ್ಲಂದಮ್ಯಾಲ ಯಾರಿಗಂತ ಬರೀಲಿ? ಬಂದ್ ಮಾಡ್ತೀನಿ ಮಾಮಾ" ಎಂದೆ. ಅಳು ಬಂದಿತ್ತು.

ಮಾಮ ಕನ್ನಡಕ ತೆಗೆದಿಟ್ಟ. "ಹಂಗಾರ ಅಳಸಲಿಲ್ಲಂದ್ರ ನಾನಾ ಅಂತ ನಿನಗ ಗೊತ್ತಾಗತದ?"

"ತಿರುಗಿ ಬಂದವ್ರ ಅಂತ ತೋರಸತದ."

"ಹೌದಾ" ಎಂದು ಎದ್ದು ಒಳಗೆ ಹೋದ.

ಮರುದಿನ ಬೆಳಿಗ್ಗೆ ರಾಯಚೂರಿನಲ್ಲಿ, ಜಾಲತಾಣ ಮುಚ್ಚುವ ಮುಂಚೆ ಕೊನೆಯ ಸಲ ಎಂದು ಎಣಿಕೆ ನೋಡಿದೆ. ಹೊಸ ಓದುಗರು: ಒಬ್ಬರೂ ಇಲ್ಲ. ತಿರುಗಿ ಬಂದವರು: ಒಬ್ಬರು. ಆ ಒಬ್ಬರು ಬೆಳಿಗ್ಗೆಯಿಂದ ನಾಲ್ಕು ಸಲ ಬಂದು ಹೋಗಿದ್ದರು.

ಜೀವಮಾನದಲ್ಲಿ ಎಲ್ಲೂ ಒಂದು ಚೂರು ಕಾಗದ ಉಳಿಸದ ನನ್ನ ಮಾಮ ತನ್ನ ಗುರುತನ್ನು ನನಗಾಗಿ ಬಿಟ್ಟಿದ್ದ. ಕಣ್ಣು ಒರೆಸಿಕೊಂಡು ಪುಂಡಿಪಲ್ಲೆಯ ಬಗ್ಗೆ ಬರೆಯಲು ಕೂತೆ. ಮಧ್ಯಾಹ್ನದೊಳಗೆ ಮುಗಿಸಬೇಕಿತ್ತು, ಅವನು ಐದನೇ ಸಲ ಬಂದಾಗ ಬರಿಗೈಯಲ್ಲಿ ಹೋಗಬಾರದು.